ಬೆಳ್ಳಗಾದ ಗುಡ್ಡ, ಕಪ್ಪಾದ ಗುಡ್ಡ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ನೆಂಟರಲ್ಲಿ ಯಾರನ್ನು ಕೇಳಿದರೂ ನನ್ನ ಬಗ್ಗೆ ಮೊದಲು ಬರುವ ಮಾತು ಅದೇ. ಆಲ್ದೂರು ದಾಟಿ ಬಸ್ಸು ತಿರುವುಗಳಲ್ಲಿ ವಾಲಲು ಶುರುವಾದರೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಕುಕ್ಕರ್ ಕೂಗುವ ಮೊದಲೇ ಅಡುಗೆಮನೆಯಿಂದ ಆಚೆ ಬಂದಿರುತ್ತೇನೆ. ಗುಡುಗು ಬಂದರೆ ಟಿ.ವಿ. ಪ್ಲಗ್ ಕಿತ್ತು, ನಿಜವಾಗಿ ಕಿತ್ತಿದ್ದೇನೆಯೇ ಎಂದು ಇನ್ನೊಮ್ಮೆ ಹೋಗಿ ನೋಡುತ್ತೇನೆ. ಹೆದರುವವರನ್ನು ಕಂಡು ನಗುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹೆದರಿಕೆ ಇರುವವಳು ಬಾಗಿಲ ಚಿಲಕ ಹಾಕುತ್ತಾಳೆ, ಗ್ಯಾಸ್ ಆರಿಸುತ್ತಾಳೆ. ಧೈರ್ಯವಂತರು ನಿಶ್ಚಿಂತೆಯಿಂದ ಗೊರಕೆ ಹೊಡೆಯುವುದು ಅಂಥವಳೊಬ್ಬಳು ಮನೆಯಲ್ಲಿರುವುದರಿಂದ.

ನನ್ನ ಸೋದರಮಾವ ಆ ಧೈರ್ಯವಂತರ ಪೈಕಿ. ಸಂಸೆಯಿಂದ ಒಳಗೆ, ಜೀಪು ಮಾತ್ರ ಹೋಗುವ ದಾರಿಯ ತುದಿಯಲ್ಲಿ ಅವರ ಕಾಫಿ ತೋಟ. ದೊಡ್ಡ ಎಸ್ಟೇಟೇನಲ್ಲ, ಆದರೆ ಲೆಕ್ಕ ಬರೆಯಲು ಒಬ್ಬ ರೈಟರ್, ಆಳುಗಳ ಮೇಲೆ ಒಬ್ಬ ಮೇಸ್ತ್ರಿ, ಒಂದು ಲೈನ್ ಮನೆ ಇಟ್ಟುಕೊಳ್ಳುವಷ್ಟು ಇತ್ತು. ಲೈನ್ ಎಂದರೆ ಕೆಲಸದವರ ಸಂಸಾರಗಳಿಗೆ ಸಾಲಾಗಿ ಕಟ್ಟಿಸಿದ ಮನೆಗಳು, ಒಂದೇ ಹೆಂಚಿನ ಮಾಡು. ಅದರ ಹಿಂದೆ ನೇರ ಎದ್ದು ನಿಂತ ಗುಡ್ಡ. ಲೈನಿನಿಂದ ಸ್ವಲ್ಪ ಬದಿಗೆ ಮಾವ ಮತ್ತು ಅತ್ತೆ ಇದ್ದ ಮನೆ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಎಲ್ಲರ ಹಾಗೆ ಮಾವನಿಗೂ ಹುರುಪು ಬಂದು, ಆ ಗುಡ್ಡದ ಮೇಲಿದ್ದ ಹಳೆಯ ಗಿಡ, ನೆರಳಿನ ಮರ, ಕುರುಚಲು ಎಲ್ಲವನ್ನೂ ತೆಗೆಸಿ ಬೋಳು ಮಾಡಿಸಿದರು. ಹೊಸ ತಳಿ ಹಾಕುವುದೆಂದು ಹಗ್ಗ ಹಿಡಿದು ಗೂಟ ನೆಡಿಸಿದರು. ಮಾವನ ಸಾಲುಗಳು ನೇರ ಇರುತ್ತವೆಂದು ಕಳಸದವರೆಗೂ ಹೆಸರಿತ್ತು.

ನಾನು ಆಗ ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮಾಡುತ್ತಾ, ಬೆಂಗಳೂರಿನ ಒಬ್ಬ ಪ್ರೊಫೆಸರರ ಕೈಕೆಳಗೆ ಪಿಎಚ್.ಡಿ.ಗೆ ಹೆಸರು ಬರೆಸಿದ್ದೆ. ವಿಷಯದ ಹೆಸರು ಕೇಳಿದವರು ಇನ್ನೊಮ್ಮೆ ಹೇಳಿ ಎನ್ನುತ್ತಿದ್ದರು: ಯಾದೃಚ್ಛಿಕ ಒರಟು ಮೇಲ್ಮೈಗಳಿಂದ ವಿದ್ಯುತ್ಕಾಂತೀಯ ಅಲೆಗಳ ಚದುರುವಿಕೆ. ಹೆಸರು ಹೆದರಿಸುವಂತಿದೆ, ಸಂಗತಿ ಸರಳ. ಉಪಗ್ರಹದ ರೇಡಾರಿನಿಂದ ಒಂದು ಅಲೆ ಓರೆಯಾಗಿ ಬಂದು ನೆಲಕ್ಕೆ ಬಡಿಯುತ್ತದೆ. ನೆಲ ನಯವಾಗಿದ್ದರೆ ಅಲೆ ಆಚೆ ಕಡೆಗೆ ಜಾರಿಹೋಗುತ್ತದೆ, ವಾಪಸು ಬರುವುದಿಲ್ಲ. ಚಿತ್ರದಲ್ಲಿ ಆ ಜಾಗ ಕಪ್ಪು. ನೆಲದಲ್ಲಿ ಹೆಂಟೆ, ತಗ್ಗು, ದಿಬ್ಬಗಳಿದ್ದರೆ ಅಲೆ ಎಲ್ಲ ದಿಕ್ಕಿಗೂ ಚದುರಿ, ಚದುರಿದ್ದರಲ್ಲಿ ಒಂದಿಷ್ಟು ಉಪಗ್ರಹಕ್ಕೆ ಮರಳುತ್ತದೆ. ಆ ಜಾಗ ಬಿಳಿ. ಮಣ್ಣು ನೀರು ಕುಡಿದಿದ್ದರೂ ಅಲೆ ಹೆಚ್ಚು ಮರಳುತ್ತದೆ, ಅದೂ ಬಿಳಿ. ಹಾಗಾಗಿ ಚಿತ್ರದಲ್ಲಿ ಒಂದು ಜಾಗ ಬೆಳ್ಳಗಿದ್ದರೆ ಅದು ಒರಟಾಗಿರುವುದರಿಂದಲೋ ಒದ್ದೆಯಾಗಿರುವುದರಿಂದಲೋ ತಿಳಿಯುವುದಿಲ್ಲ. ಒರಟು ಎಷ್ಟೆಂದು ಮೊದಲೇ ಗೊತ್ತಿದ್ದರೆ ಮಾತ್ರ ನೀರು ಎಷ್ಟೆಂದು ಹೇಳಬಹುದು.

ಯಾವ ಹೆಂಟೆ ಎಲ್ಲಿ ಬಿದ್ದಿದೆ ಎಂದು ಯಾರೂ ಬರೆದಿಡಲಾರರು. ಆದ್ದರಿಂದ ನಾವು ನೆಲಕ್ಕೆ ಎರಡೇ ಪ್ರಶ್ನೆ ಕೇಳುತ್ತಿದ್ದೆವು. ಉಬ್ಬುತಗ್ಗು ಸರಾಸರಿ ಎಷ್ಟು ಎತ್ತರ? ಒಂದು ಉಬ್ಬಿನಿಂದ ಎಷ್ಟು ದೂರ ಹೋದರೆ ನೆಲ ಆ ಉಬ್ಬನ್ನು ಪೂರ್ತಿ ಮರೆತಿರುತ್ತದೆ? ಈ ಎರಡು ಉತ್ತರ ಸಿಕ್ಕಿದರೆ ಕಂಪ್ಯೂಟರು ಅಂಥ ನೆಲಗಳನ್ನು ಬೇಕಾದಷ್ಟು ಕಲ್ಪಿಸಿಕೊಂಡು, ಒಂದೊಂದರ ಮೇಲೂ ಅಲೆ ಬೀಳಿಸಿ, ಎಷ್ಟು ಮರಳಿತೆಂದು ಸರಾಸರಿ ತೆಗೆಯುತ್ತದೆ. ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಇದನ್ನು ಹಚ್ಚಿಟ್ಟರೆ ಮೂರು ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಮತ್ತೆ ಮೊದಲಿಂದ.

ಉಬ್ಬುತಗ್ಗು ಅಳೆಯಲು ಒಂದು ಹಲಗೆ ಮಾಡಿಸಿದ್ದೆ. ಬಡಗಿಯ ಹತ್ತಿರ ಉದ್ದನೆಯ ಮರದ ಪಟ್ಟಿಗೆ ಒತ್ತೊತ್ತಾಗಿ ತೂತು ಹಾಕಿಸಿ, ಸೈಕಲ್ ಅಂಗಡಿಯಿಂದ ತಂದ ಕಡ್ಡಿಗಳನ್ನು ಅವುಗಳಲ್ಲಿ ಇಳಿಬಿಟ್ಟಿದ್ದೆ. ಹಲಗೆಯನ್ನು ನೆಲದ ಮೇಲೆ ನಿಲ್ಲಿಸಿದರೆ ಪ್ರತಿ ಕಡ್ಡಿಯೂ ತನ್ನ ಕೆಳಗಿನ ಮಣ್ಣಿಗೆ ತಾಗಿ ನಿಲ್ಲುತ್ತದೆ. ಕಡ್ಡಿಗಳ ತಲೆಯನ್ನು ಹಿಂದಿನ ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ನೆಲದ ಗೀಟು ಮೂಡುತ್ತದೆ. ಮೊದಲು ಇದನ್ನು ಜಾವಳಿಯಲ್ಲಿ ಉತ್ತು ಬಿಟ್ಟ ಗದ್ದೆಗಳಲ್ಲಿ ನಿಲ್ಲಿಸಿ ನೋಡಿದೆ. ಗದ್ದೆ ಚಪ್ಪಟೆ, ಅಲ್ಲಿ ಲೆಕ್ಕ ಚೆನ್ನಾಗಿ ಕೂತಿತು. ಇಳಿಜಾರಿನ ಬೋಳು ನೆಲ ಬೇಕು ಎಂದು ಗೈಡು ಹೇಳಿದಾಗ ನನಗೆ ಮಾವನ ಗುಡ್ಡ ನೆನಪಾಯಿತು. ಬೇಸಿಗೆಯಲ್ಲಿ ಹಲಗೆ ಹೊತ್ತು ಅಲ್ಲಿಗೆ ಹೋದೆ. ಮಾವ ಜಗಲಿಯಿಂದಲೇ ಅತ್ತೆಯನ್ನು ಕೂಗಿದರು.

"ಬಾರೆ ಇಲ್ಲಿ, ನೋಡು. ನಮ್ಮ ಹುಡುಗಿ ಮಣ್ಣಿನ ತಲೆ ಬಾಚಕ್ಕೆ ಬಾಚಣಿಗೆ ತಂದಿದಾಳೆ."

ಅತ್ತೆ ಬಂದು ನೋಡಿ, "ಹೇನು ಸಿಕ್ರೆ ಹೇಳು ಮಾರಾಯ್ತಿ" ಎಂದು ನಕ್ಕು ಒಳಗೆ ಹೋದರು. ಇಡೀ ಗುಡ್ಡ ಹತ್ತಿ ಇಳಿದು ಅಳೆದೆ. ಬೋಳು ನೆಲ, ಸಣ್ಣ ಸಣ್ಣ ಹೆಂಟೆ, ಅಷ್ಟೇನೂ ಒರಟಿರಲಿಲ್ಲ.

ಮಳೆಗಾಲ ಹಿಡಿಯಿತು. ಮೋಡ ಕವಿದ ತಿಂಗಳುಗಳಲ್ಲಿ ಮೇಲಿನಿಂದ ತೆಗೆದ ಬೇರೆ ಯಾವ ಫೋಟೋದಲ್ಲೂ ಮಲೆನಾಡು ಕಾಣುವುದಿಲ್ಲ. ರೇಡಾರಿಗೆ ಮೋಡ ಅಡ್ಡವಾಗುವುದಿಲ್ಲ, ಅದಕ್ಕೇ ನಮಗೆ ಅದರ ಮೇಲೆ ಪ್ರೀತಿ. ಉಪಗ್ರಹ ನಮ್ಮ ತಲೆಯ ಮೇಲೆ ತಿಂಗಳಿಗೊಮ್ಮೆ ಹಾದುಹೋಗುತ್ತಿತ್ತು. ಅದು ಕಂಡದ್ದು ಗೈಡಿನ ಲ್ಯಾಬಿಗೆ ಬಂದು, ಸಿ.ಡಿ.ಯಾಗಿ ನನ್ನ ಕೈ ಸೇರುವಷ್ಟರಲ್ಲಿ ಎಷ್ಟೋ ದಿನ ಕಳೆದಿರುತ್ತಿತ್ತು. ಹಾಗೆ ಬಂದ ಆ ವರ್ಷದ ಮೊದಲ ಮಳೆಗಾಲದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದೆ. ಮಾವನ ಗುಡ್ಡ ಬೆಳ್ಳಗಿತ್ತು. ಬೆಳ್ಳಗೆ ಎಂದರೆ ಸುತ್ತಮುತ್ತ ಬೇರೆ ಯಾವ ಜಾಗವೂ ಅಷ್ಟು ಬೆಳ್ಳಗಿರಲಿಲ್ಲ. ಒರಟನ್ನು ನಾನೇ ಕೈಯಾರೆ ಅಳೆದಿದ್ದೆ, ಅದು ಬದಲಾಗಲು ಕಾರಣವಿರಲಿಲ್ಲ. ಹಾಗಾದರೆ ಉಳಿಯುವುದು ನೀರು. ಲೆಕ್ಕ ಹಾಕಿದರೆ ಬಂದ ನೀರಿನ ಪ್ರಮಾಣ ಮಣ್ಣು ಹಿಡಿದಿಟ್ಟುಕೊಳ್ಳುವುದಕ್ಕಿಂತಲೂ ಜಾಸ್ತಿ. ಬೇರು ಕಿತ್ತು ಹಾಕಿದ ಗುಡ್ಡ, ಅಷ್ಟು ನೀರು, ಕೆಳಗೆ ಲೈನು. ಮಾವನಿಗೆ ಫೋನು ಹಚ್ಚಿದೆ.

ಸಂಸೆಯ ಕಡೆ ಮಳೆ ಬಂದರೆ ಫೋನು ಸತ್ತಿರುತ್ತದೆ. ಮೊದಲ ಬಸ್ಸಿಗೆ ಹೊರಟೆ. ವಸ್ತಾರೆ ದಾಟುವಾಗಲೇ ಮನಸ್ಸಿನಲ್ಲಿ ಗುಡ್ಡ ಬಿದ್ದಾಗಿತ್ತು. ಕಳಸ ತಲುಪುವ ಹೊತ್ತಿಗೆ ಯಾರ್ಯಾರು ಬದುಕಿದ್ದಾರೆ ಎಂದು ಎಣಿಸುತ್ತಿದ್ದೆ. ಹೋದವಳೇ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ನಾನು ಅಳುವುದನ್ನು ನೋಡಲಾರದೆ ಮಾವ ಲೈನಿನವರನ್ನೆಲ್ಲ ಹಳ್ಳದಾಚೆಯ ಶಾಲೆಗೆ ಸಾಗಿಸಿದರು, ತಾವೂ ಅತ್ತೆಯೂ ಬಂದರು. ಜೋರು ಮಳೆಗೆ ರಜೆ ಕೊಡುವ ದಿನಗಳು, ಶಾಲೆ ಖಾಲಿಯಿತ್ತು. ಮೂರು ದಿನ ಎಲ್ಲರೂ ಬೆಂಚುಗಳ ಮೇಲೆ ಕೂತು ಗುಡ್ಡ ನೋಡಿದೆವು. ಗುಡ್ಡ ನಮ್ಮನ್ನು ನೋಡಿತು. ಏನೂ ಆಗಲಿಲ್ಲ.

ಶಾಲೆಯಿಂದ ಮಾವನ ಮನೆಗೆ ವಾಪಸು ಬಂದ ಮೇಲೆ, ಬೇಸಿಗೆಯಲ್ಲಿ ಅಲ್ಲೇ ಬಿಟ್ಟಿದ್ದ ಹಲಗೆಯನ್ನು ಮಳೆ ಬಿಟ್ಟ ಹೊತ್ತು ನೋಡಿ ಹೊತ್ತು ಗುಡ್ಡ ಹತ್ತಿದೆ. ಹತ್ತಿದ ಮೇಲೆ ಗೊತ್ತಾಯಿತು. ಗುಡ್ಡದ ಮೈತುಂಬ ಅಡ್ಡಡ್ಡ ಸಾಲುಗಳಲ್ಲಿ ತೊಟ್ಟಿಲು ಗುಂಡಿಗಳು.

ತೊಟ್ಟಿಲು ಗುಂಡಿ ಎಂದರೆ ಇಳಿಜಾರಿಗೆ ಅಡ್ಡವಾಗಿ ತೋಡುವ, ತೊಟ್ಟಿಲಿನಷ್ಟು ಉದ್ದದ ಗುಂಡಿ. ಓಡುವ ನೀರು ಅದರಲ್ಲಿ ನಿಂತು ಇಂಗುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ. ಕಾಫಿ ತೋಟದಲ್ಲಿ ಹೊಸದೇನಲ್ಲ. ಆದರೆ ಜೋರು ಮಳೆ ಕಳೆದ ಮೇಲೆ, ಗಿಡಗಳ ನಡುವೆ ತೋಡುವುದು ರೂಢಿ. ಮಾವ ಗಿಡವೇ ಇಲ್ಲದ ಬೋಳು ಗುಡ್ಡದಲ್ಲಿ, ನಾನು ಅಳೆದು ಹೋದ ಮೇಲೆ, ಮಳೆಗಾಲಕ್ಕೆ ಮೊದಲೇ ತೋಡಿಸಿದ್ದರು. ಹಿಂದಿನ ವರ್ಷ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಕೈಕೊಟ್ಟು ಸಸಿ ಒಣಗಿದ ಸಂಕಟ ಅವರಿಗಿತ್ತು. ಆ ಹೊತ್ತಿಗೆ ಆಳುಗಳೂ ಸಿಕ್ಕಿದ್ದರು.

"ನನ್ನ ತೋಟದಿಂದ ಒಂದು ಹನಿ ಆಚೆ ಹೋಗಬಾರ್ದು, ಅದಕ್ಕೆ ಮಾಡ್ಸಿದ್ದು" ಎಂದರು ಮಾವ. "ನಿನ್ನ ಸ್ಯಾಟಲೈಟು ಇದನ್ನೇ ನೋಡಿ ಹೆದರ್ಕೊಂಡ್ತಾ? ಅದೂ ನಿನ್ನ ಥರನೇ ಪುಕ್ಕಲು ಅನ್ಸುತ್ತೆ."

ಆ ಮಾತು ಸಂಸೆ ಪೇಟೆಯಲ್ಲಿ, ಕಳಸದ ಹೋಟೆಲುಗಳಲ್ಲಿ, ನಮ್ಮ ನೆಂಟರ ಮದುವೆ ಊಟದ ಪಂಕ್ತಿಗಳಲ್ಲಿ ಇಡೀ ವರ್ಷ ಓಡಾಡಿತು. ನಾನು ಬಡಿಸಲು ಹೋದರೆ ಯಾರೋ "ಸ್ಯಾಟಲೈಟು ಬಂತು, ಎಲೆ ಎತ್ಕೊಂಡು ಓಡಿ" ಎನ್ನುವರು. ಮಾವನ ಮೇಲೆ ಸಿಟ್ಟು ಬಂತು, ಆದರೂ ಅವರು ಬದುಕಿದ್ದು ನಗುತ್ತಿದ್ದಾರಲ್ಲ ಎಂದು ಸಮಾಧಾನವೂ ಆಯಿತು.

ತಪ್ಪು ಎಲ್ಲಿತ್ತೆಂದು ಗೈಡಿಗೆ ಹೇಳಿದಾಗ ಅವರು ಖುಷಿಪಟ್ಟರು. ಅವರಿಗೆ ಅದೊಂದು ಒಳ್ಳೆಯ ಅಧ್ಯಾಯ. ನಮ್ಮ ಲೆಕ್ಕಕ್ಕೆ ನೆಲವೆಂದರೆ ಗೊತ್ತುಗುರಿಯಿಲ್ಲದೆ ಒರಟಾದದ್ದು. ಮನುಷ್ಯ ತೋಡಿದ ನೆಲ ಹಾಗಿರುವುದಿಲ್ಲ. ಒಂದು ಗುಂಡಿ, ಅಳತೆಯ ಅಂತರ ಬಿಟ್ಟು ಇನ್ನೊಂದು. ಎಷ್ಟು ದೂರ ಹೋದರೂ ಆ ನೆಲ ಮೊದಲ ಗುಂಡಿಯನ್ನು ಮರೆಯುವುದಿಲ್ಲ. ಪ್ರತಿ ಗುಂಡಿಯ ಅಂಚೂ ಒಂದೇ ದಿಕ್ಕಿಗೆ ಅಲೆಯನ್ನು ವಾಪಸು ಕಳಿಸಿ, ಎಲ್ಲ ಸೇರಿ ಗುಡ್ಡ ಬೆಳಗಿಬಿಟ್ಟಿತ್ತು. ಮಾವ ಅಷ್ಟು ನೇರ ಸಾಲು ಹಿಡಿಯದೆ ಇದ್ದಿದ್ದರೆ ನಾನು ಅಷ್ಟು ಹೆದರುತ್ತಲೂ ಇರಲಿಲ್ಲ. ವರ್ಷವಿಡೀ ಕೂತು ಗುಂಡಿಗಳ ಸಾಲನ್ನು ಲೆಕ್ಕದೊಳಗೆ ಸೇರಿಸಿದೆ. ಹೆಂಟೆಗಳಿಗೆ ಒಂದು ಪಾಲು, ಗುಂಡಿಗಳಿಗೆ ಒಂದು ಪಾಲು, ನೀರಿಗೆ ಒಂದು ಪಾಲು. ಹಳೆಯ ಚಿತ್ರವನ್ನು ಅದರಲ್ಲಿ ಹಾಕಿದರೆ ನೀರು ತಕ್ಕಮಟ್ಟಿಗೆ ಬಂತು. ಆ ಬಿಳುಪಿಗೆ ಇನ್ನು ಹೆದರಬೇಕಿಲ್ಲ ಎಂದುಕೊಂಡೆ.

ಮರುವರ್ಷ ಮಳೆ ಹೆಚ್ಚು. ಆಷಾಢದಲ್ಲಿ ಬಟ್ಟೆ ಒಣಗುವುದಿರಲಿ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತಿತ್ತು. ಚಿತ್ರ ಬಂತು. ಮಾವನ ಗುಡ್ಡ ಈ ಸಲ ಕಪ್ಪಾಗಿತ್ತು.

ಮೊದಲು ನನಗೆ ಆದದ್ದು ನಿರಾಳ. ಕಪ್ಪು ಎಂದರೆ ನಯವಾಗಿದೆ, ಇಲ್ಲವೇ ಒಣಗಿದೆ. ಆ ಮಳೆಯಲ್ಲಿ ಒಣಗುವ ಮಾತಿಲ್ಲ, ಹಾಗಾಗಿ ನಯವಾಗಿರಬೇಕು. ಮಳೆ ಬಡಿದು ಹೆಂಟೆಗಳೆಲ್ಲ ಕರಗಿವೆ ಎಂದುಕೊಂಡೆ. ಕಾಫಿ ಕುಡಿಯಲು ಎದ್ದೆ. ಲೋಟ ಕೈಯಲ್ಲಿ ಹಿಡಿದು ನಿಂತಾಗ ಒಂದು ಯೋಚನೆ ಬಂತು, ಬಂದ ಮೇಲೆ ಹೋಗಲಿಲ್ಲ. ಮಳೆ ಹೆಂಟೆ ಕರಗಿಸಬಹುದು. ಗುಂಡಿಗಳು ಎಲ್ಲಿ ಹೋದವು?

ವಾಪಸು ಬಂದು ಕೂತೆ. ಗುಂಡಿಗಳ ಪಾಲು ಎಂದು ಒಂದು ವರ್ಷ ಕಷ್ಟಪಟ್ಟು ಬೇರೆ ಮಾಡಿದ್ದೆನಲ್ಲ, ಅದು ಚಿತ್ರದಲ್ಲಿ ಇರಲೇ ಇಲ್ಲ. ಅಂಚುಗಳು ಕಾಣಬೇಕಾದರೆ ಗುಂಡಿ ಖಾಲಿ ಇರಬೇಕು. ಕಾಣುತ್ತಿಲ್ಲವೆಂದರೆ ಮಣ್ಣು ಕುಸಿದು ಗುಂಡಿ ಮುಚ್ಚಿರಬೇಕು, ಇಲ್ಲವೇ ನೀರು ಕಂಠಮಟ್ಟ ನಿಂತಿರಬೇಕು. ನಿಂತ ನೀರಿಗಿಂತ ನಯವಾದದ್ದು ಯಾವುದಿದೆ? ಅಲೆ ಅದರ ಮೇಲೆ ಬಿದ್ದು ಆಚೆಗೆ ಜಾರಿಹೋಗುತ್ತದೆ. ಇಂಗಬೇಕಾದ ನೀರು ಇಂಗದೆ ತುಂಬಿ ನಿಂತಿದೆ ಎಂದರೆ ಕೆಳಗಿನ ಮಣ್ಣಿನಲ್ಲಿ ಇನ್ನು ಜಾಗವಿಲ್ಲ. ಕಪ್ಪು ಎಂದರೆ ಒಣಗಿದ್ದಲ್ಲ, ತುಂಬಿದ್ದು. ಹಾಗಿರಬಹುದು. ಹಾಗಿಲ್ಲದೆಯೂ ಇರಬಹುದು. ಎರಡರಲ್ಲಿ ಯಾವುದೆಂದು ಚಿತ್ರ ಹೇಳುತ್ತಿರಲಿಲ್ಲ. ಅದು ಹೇಳುತ್ತಿದ್ದುದಾದರೂ ಎಷ್ಟೋ ದಿನ ಹಿಂದಿನ ಕಥೆ, ಆಮೇಲೆ ಮಳೆ ಒಂದು ದಿನವೂ ಬಿಟ್ಟಿರಲಿಲ್ಲ.

ಆ ಮಧ್ಯಾಹ್ನದ ಹೆದರಿಕೆಯನ್ನು ಹೇಗೆ ಹೇಳಲಿ? ಬಸ್ಸಿನ ತಿರುವಿಗೆ ಹೆದರುವುದು ಬೇರೆ. ಅಲ್ಲಿ ಕಂಬಿ ಹಿಡಿದರೆ ಏನೋ ಮಾಡಿದ ಹಾಗೆ ಅನ್ನಿಸುತ್ತದೆ. ಇಲ್ಲಿ ನನ್ನೊಬ್ಬಳ ತಲೆಯೊಳಗೆ ಮಾತ್ರ ಆ ಗುಡ್ಡ ನೀರು ತುಂಬಿಕೊಂಡು ನಿಂತಿತ್ತು, ಅದರ ಕೆಳಗೆ ಜನ ಅನ್ನಕ್ಕೆ ಇಡುತ್ತಿದ್ದರು. ಮದುವೆ ಪಂಕ್ತಿಯ ನಗುವೂ ಕಿವಿಯಲ್ಲಿತ್ತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ.

ಮಾವ ಜಗಲಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕಾಲು ನೋವಿಗೆ ಅವರು ಬಹಳ ದಿನದಿಂದ ಗುಡ್ಡ ಹತ್ತಿರಲಿಲ್ಲ. ಅಂಥ ಮಳೆಯಲ್ಲಿ ಆಳುಗಳಿಗೂ ಮೇಲೆ ಕೆಲಸವಿರಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಈ ಸಲನೂ ಬಿಳಿಯಾಗಿದ್ಯಾ?"

"ಇಲ್ಲ ಮಾವ. ಕಪ್ಪಾಗಿದೆ."

"ಹೋದ್ವರ್ಷ ಬಿಳಿ ಅಂತ ಅಳ್ತಾ ಬಂದೆ. ಈ ವರ್ಷ ಕಪ್ಪು ಅಂತ ಬಂದಿದೀಯ. ನಾನು ನನ್ನ ಮನೇಲಿ ಮಲಗ್ಬೇಕಾದ್ರೆ ಗುಡ್ಡ ಯಾವ ಬಣ್ಣಕ್ಕಿರ್ಬೇಕು, ಅದನ್ನಾದ್ರೂ ಹೇಳು ಮಾರಾಯ್ತಿ."

ಉತ್ತರ ಕೊಡಲು ಹೋದರೆ ಹೆಂಟೆ, ಅಂಚು, ಅಲೆ ಎಲ್ಲ ಬರಬೇಕಿತ್ತು. ನನಗೆ ಅಷ್ಟು ತಾಳ್ಮೆಯಿರಲಿಲ್ಲ. "ಮಾವ, ನಂಗೆ ಹೆದ್ರಿಕೆ ಆಗ್ತಿದೆ. ನೀವು ಒಂದ್ಸಲ ಹತ್ತಿ ನೋಡಿ. ಗುಂಡೀಲಿ ನೀರಿಲ್ಲ ಅಂದ್ರೆ ನಾನು ಈಗ್ಲೇ ವಾಪಸ್ ಹೋಗ್ತೀನಿ. ಇನ್ನು ಜನ್ಮದಲ್ಲಿ ಈ ಮಾತು ಎತ್ತಲ್ಲ" ಎಂದೆ.

ಒಳಗಿನಿಂದ ಅತ್ತೆಯ ದನಿ ಬಂತು. "ಹೋಗಿ ಬನ್ನಿ ಅತ್ಲಾಗೆ. ಹುಡುಗಿ ಅಷ್ಟು ದೂರದಿಂದ ಬಂದಿದಾಳೆ."

ಮಾವ ಗೊಣಗುತ್ತಾ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಹಾರೆ ಊರಿಕೊಂಡು ಹೊರಟರು. ಹಿಂದೆ ನಾನು, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಿತ್ತುಕೊಳ್ಳುತ್ತಾ. ಅರ್ಧ ಹತ್ತುವಷ್ಟರಲ್ಲಿ ಮೊದಲ ಸಾಲಿನ ಗುಂಡಿಗಳು ಸಿಕ್ಕಿದವು. ಅಂಚಿನವರೆಗೆ ತುಂಬಿದ್ದವು. ಎಲ್ಲವೂ. ನೀರಿನಲ್ಲಿ ಮೋಡ ಕಾಣುತ್ತಿತ್ತು. ಮಾವ ಹಾರೆಯನ್ನು ಗುಂಡಿಯ ಪಕ್ಕದ ನೆಲಕ್ಕೆ ಊರಿದರು. ಒತ್ತಲೇ ಇಲ್ಲ, ಅದು ತನ್ನಷ್ಟಕ್ಕೆ ಇಳಿಯಿತು. ಅವರು ಮೇಲಿನ ಸಾಲು ನೋಡಲು ತಲೆಯೆತ್ತಿದರು.

ಅಲ್ಲಿ ಗೂಟಗಳ ಸಾಲು ಸೊಟ್ಟಗಾಗಿತ್ತು. ಹಗ್ಗ ಹಿಡಿದು ನೆಡಿಸಿದ ಸಾಲು ನಡುವಿನಲ್ಲಿ ಕೆಳಕ್ಕೆ ಜೋತುಬಿದ್ದಿತ್ತು. ಗೂಟಗಳು ಬಿದ್ದಿರಲಿಲ್ಲ. ಅವು ನಿಂತಿದ್ದ ನೆಲವೇ ಅವುಗಳನ್ನು ನಿಲ್ಲಿಸಿಕೊಂಡು ಕೆಳಗೆ ಬಂದಿತ್ತು. ಮಾವ ಅದನ್ನು ನೋಡುತ್ತಾ ನಿಂತರು. ನಾನು ಅವರ ಮುಖ ನೋಡುತ್ತಿದ್ದೆ. ಹಾವನ್ನು ಪೊರಕೆಯಲ್ಲಿ ಸರಿಸಿ ಆಚೆ ಬಿಡುತ್ತಿದ್ದ, ತುಂಬಿದ ಭದ್ರೆಯನ್ನು ತೆಪ್ಪದಲ್ಲಿ ದಾಟುತ್ತಿದ್ದ ಆ ಮನುಷ್ಯನ ತುಟಿ ಅದುರುತ್ತಿತ್ತು. ಅದುವರೆಗೆ ನನ್ನ ಹೆದರಿಕೆ ಸುಳ್ಳಿರಬಹುದು ಎಂಬ ಆಸೆ ಒಂದು ಮೂಲೆಯಲ್ಲಿ ಇತ್ತು. ಆ ತುಟಿ ನೋಡಿದ ಮೇಲೆ ಹೋಯಿತು.

"ಗುಂಡಿ ಬಾಯಿ ಕಡಿದು ನೀರು ಬಿಡ್ಲಾ?" ಎಂದು ಅವರು ನನ್ನನ್ನು ಕೇಳಿದರು. ಮಾವ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಬೇಡ ಮಾವ. ಕೆಳಗೆ ಹೋಗಣ. ಮೆಲ್ಲಗೆ ಹೋಗಣ."

ಮೆಲ್ಲಗೆ ಇಳಿದೆವು, ಜೋರಾಗಿ ಕಾಲಿಟ್ಟರೆ ಗುಡ್ಡಕ್ಕೆ ಎಚ್ಚರವಾಗುತ್ತದೆ ಎನ್ನುವವರ ಹಾಗೆ. ಲೈನಿನವರು ಈ ಸಲ ಹೊರಡಲು ಒಪ್ಪಲಿಲ್ಲ. ಹೋದ ವರ್ಷ ಬೆಂಚಿನ ಮೇಲೆ ಮಲಗಿ ಬೆನ್ನು ಹೋದದ್ದು ಸಾಕಾಗಿತ್ತು. ಅನ್ನ ಬೇಯುತ್ತಿದೆ, ಉಂಡು ನೋಡೋಣ ಎಂದರು. ಮಾವ ಬೈದರು, ಬೇಡಿಕೊಂಡರು. ಆಗ ಅತ್ತೆ ಒಂದು ಕೊಡಪಾನ ನೀರು ಎತ್ತಿಕೊಂಡು ಲೈನಿನ ಮೊದಲ ಮನೆಗೆ ನುಗ್ಗಿ ಒಲೆಗೆ ಸುರಿದರು. ಹೊಗೆ ಎದ್ದಿತು. ಎರಡನೆಯ ಮನೆ, ಮೂರನೆಯ ಮನೆ. "ಅನ್ನ ಶಾಲೇಲಿ ಆಗುತ್ತೆ, ಪಾತ್ರೆ ಎತ್ಕೊಂಡು ನಡೀರಿ" ಎನ್ನುತ್ತಾ ಕೊನೆಯ ಒಲೆಯವರೆಗೂ ಆರಿಸಿದರು. ಮನೆಯ ಒಲೆ ಆರಿಸುವುದು ಎಷ್ಟು ಕೆಟ್ಟದ್ದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಯ ಬಾಯಿಗೆ ಹೆದರಿಯೋ ಆ ಅಪಶಕುನಕ್ಕೆ ಹೆದರಿಯೋ, ಶಾಪ ಹಾಕುತ್ತಾ ಎಲ್ಲರೂ ಎದ್ದರು.

ಮರುದಿನ ಮಳೆ ನಿಂತಿತು. ಬಿಸಿಲು ಬಂತು. ಹೊಳೆಹೊಳೆಯುವ, ಬಟ್ಟೆ ಒಣಹಾಕುವಂಥ ಬಿಸಿಲು. ನನಗೆ ಮಳೆಗಿಂತ ಆ ಬಿಸಿಲೇ ಹೆಚ್ಚು ಭಯ ಹುಟ್ಟಿಸಿತು. ಜನ ನಗಲು ಶುರುಮಾಡಿದ್ದರು. ಗಂಡಸರು ಬೀಡಿ ಹಚ್ಚಿ ನನ್ನ ಕಡೆ ನೋಡಿ ಏನೋ ಹೇಳಿಕೊಳ್ಳುತ್ತಿದ್ದರು. ಹೆಂಗಸರು ಪಾತ್ರೆ ಕಟ್ಟಿಕೊಂಡು ಹೊರಟು ನಿಂತರು. ಮಾವ ಶಾಲೆಯ ಮುಂದೆ ಹಳ್ಳಕ್ಕೆ ಹಾಕಿದ ಸಂಕದ ಮೇಲೆ ದೊಣ್ಣೆ ಅಡ್ಡ ಹಿಡಿದು ಕೂತುಬಿಟ್ಟರು. "ನಾಳೆ ಹೋಗಿ. ಇವತ್ತು ಈ ಸಂಕ ದಾಟಿದವ್ರ ಕಾಲು ಮುರೀತೀನಿ" ಎಂದರು. ತಮ್ಮ ಮನೆಯ ಕಡೆಗೆ ಬೆನ್ನು ಹಾಕಿ ಕೂತಿದ್ದರು.

ಊಟದ ಹೊತ್ತು ಮೀರಿತ್ತು. ಮೊದಲು ಲೈನಿನ ನಾಯಿಗಳು ನಮ್ಮ ಕಡೆಗೆ ಓಡಿಬಂದವು. ಆಮೇಲೆ ದೊಡ್ಡ ಲಾರಿಯಿಂದ ಜಲ್ಲಿ ಸುರಿದ ಸದ್ದು, ನಿಲ್ಲದೆ. ಗುಡ್ಡದ ನಡು ಮಡಿಚಿಕೊಂಡಿತು. ಗೂಟಗಳ ಸಾಲುಗಳು ಒಂದರ ಮೇಲೊಂದು ಬಿದ್ದವು. ಕೆಂಪು ಮಣ್ಣು ಲೈನಿನ ಹಿಂದಿನ ಗೋಡೆ ಮುಟ್ಟಿತು, ಹೆಂಚಿನ ಮಾಡು ಒಂದು ಕ್ಷಣ ಅದರ ಮೇಲೆ ತೇಲಿ ಇಲ್ಲವಾಯಿತು. ಮಾವನ ಮನೆಯ ಕೊಟ್ಟಿಗೆ ಹೋಯಿತು, ಮನೆ ಉಳಿಯಿತು. ಸದ್ದು ನಿಂತ ಮೇಲೆ ಒಬ್ಬೊಬ್ಬ ತಾಯಿಯೂ ತನ್ನ ಮಕ್ಕಳ ತಲೆ ಮುಟ್ಟಿ ಮುಟ್ಟಿ ನೋಡತೊಡಗಿದಳು. ಅತ್ತೆ ನನ್ನನ್ನು ಅಪ್ಪಿಕೊಂಡರು. ನಾನು ಆಗ ಅಳಲಿಲ್ಲ. ನನಗೆ ವಾಂತಿಯಾಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಒಂದು ಸಲ ನನ್ನ ಹೆದರಿಕೆ ನಿಜವಾಯಿತು, ಜನ ಉಳಿದರು, ಇನ್ನು ನಗುವವರಿಲ್ಲ. ಅದು ಸಾಲದೇ? ಆದರೆ ಮರುದಿನ ಬೆಳಿಗ್ಗೆಯಿಂದಲೇ ಶಾಲೆಗೆ ಜನ ಬರತೊಡಗಿದರು. ಸಂಸೆಯಿಂದ, ಒಳಗಿನ ಹಳ್ಳಿಗಳಿಂದ, ಮತ್ತೆ ಹಿಡಿದ ಮಳೆಯಲ್ಲೇ ನಡೆದು ಬಂದರು. ಗುಡ್ಡ ಬಿದ್ದದ್ದನ್ನು ನೋಡಲು ಬಂದವರಲ್ಲ. ನನ್ನನ್ನು ನೋಡಲು ಬಂದವರು. ನಮ್ಮ ಮನೆ ಹಿಂದೂ ಒಂದು ಗುಡ್ಡ ಇದೆ, ಅದು ಯಾವ ಬಣ್ಣಕ್ಕಿದೆ ನೋಡಿ ಹೇಳಿ ಎಂದರು.

ಅವರ ಗುಡ್ಡಗಳು ಚಿತ್ರದಲ್ಲಿದ್ದವು. ಆದರೆ ಅವು ಬೋಳು ಗುಡ್ಡಗಳಲ್ಲ. ಮೇಲೆ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕು, ಹಲಸು, ಅತ್ತಿ. ನನ್ನ ಅಲೆ ಎಲೆಗಳಿಗೆ ಬಡಿದು ಅಲ್ಲಿಂದಲೇ ಚದುರಿ ವಾಪಸಾಗುತ್ತದೆ. ಕೆಳಗಿನ ಮಣ್ಣು ಅದಕ್ಕೆ ಸಿಗುವುದೇ ಇಲ್ಲ. ಸಂಸೆ, ಕಳಸ, ಮೂಡಿಗೆರೆ, ಇಡೀ ಕಾಫಿ ಸೀಮೆಯಲ್ಲಿ ಜನ ಮಲಗುವ ಮನೆಗಳ ಹಿಂದಿರುವುದು ಅಂಥ ಗುಡ್ಡಗಳೇ. ನನಗೆ ಕಂಡದ್ದು ಒಂದೇ ಗುಡ್ಡ, ಅದೂ ಮಾವ ಅದನ್ನು ಬೋಳಿಸಿದ್ದರಿಂದ. ಇದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಕೆಲವರು ನಾನು ಏನೋ ಮುಚ್ಚಿಡುತ್ತಿದ್ದೇನೆ ಎಂದುಕೊಂಡು ಹೋದರು.

ಕೊನೆಗೆ ಬಂದವರು ಹಳ್ಳದ ಮೇಲ್ಗಡೆ ತುಂಡು ತೋಟ ಇಟ್ಟುಕೊಂಡಿದ್ದ ಒಬ್ಬ ಮುದುಕಿ. ಜತೆಗೆ ಮೊಮ್ಮಗಳಿದ್ದಳು, ಮುದುಕಿಯ ಸೆರಗು ಹಿಡಿದು. ನಾನು ಹೇಳಿದ್ದನ್ನೆಲ್ಲ ಅವರು ಗಮನವಿಟ್ಟು ಕೇಳಿದರು.

"ಎಲೆ ಅಡ್ಡ ಬರುತ್ತೆ ಅಂತೀರಿ. ಮಣ್ಣು ಹೆಂಗಿದೆ ಅಂತ ನಿಮಗೆ ಗೊತ್ತಾಗಲ್ಲ."

"ಹೌದಮ್ಮ."

"ಬೀಳುತ್ತೆ ಅಂತಲೂ ಹೇಳಲ್ಲ, ಬೀಳಲ್ಲ ಅಂತಲೂ ಹೇಳಲ್ಲ."

"ಹೇಳಕ್ಕಾಗಲ್ಲಮ್ಮ."

ಅವರು ಸಿಟ್ಟು ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಪೇಟೆಯಲ್ಲಿ ದಾರಿ ಕೇಳುವವರ ಹಾಗೆ ಕೇಳಿದರು. "ಹಂಗಾದ್ರೆ ಇವತ್ತು ಈ ಮಗೂನ ಎಲ್ಲಿ ಮಲಗಿಸ್ಲಿ, ಅದೊಂದು ಹೇಳಿ."

ಶಾಲೆ ತುಂಬಿತ್ತು. ಮಾವನ ಮನೆಯನ್ನು ನಾನೇ ನಂಬುತ್ತಿರಲಿಲ್ಲ. ಕಿಟಕಿಯಾಚೆ ಸುತ್ತಲೂ ನೋಡಿದೆ. ಎಲ್ಲಿ ನೋಡಿದರೂ ಹಸಿರು ಮುಚ್ಚಿದ ಗುಡ್ಡ, ಪ್ರತಿ ಗುಡ್ಡದ ಬುಡದಲ್ಲೂ ಒಂದು ಮನೆಯ ಹೊಗೆ. ಮುದುಕಿ ನನ್ನ ಮುಖವನ್ನೇ ನೋಡಿ, ನೋಡಿದ್ದು ಸಾಕಾದ ಮೇಲೆ ಕೊಪ್ಪೆಯನ್ನು ಮಗುವಿನ ತಲೆಯ ಮೇಲೂ ಎಳೆದುಕೊಂಡು, ತಮ್ಮ ಗುಡ್ಡದ ಕಡೆಗೆ ನಡೆದುಹೋದರು.